ಬ್ಲೂಸ್‌ಗೆ ಬೇಕಾದ ದುಃಖ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದು ನಡೆದದ್ದೇ.

ಉಲ್ಲಾಸ ತಾನೇ ಹಾಡು ಬರೆದು, ಅಮೆರಿಕದ ಹಳೆಯ ಶೋಕಗೀತೆಯಾದ ಬ್ಲೂಸ್‌ನ ಅಳುವಿಗೆ ಹಿಪ್‌ಹಾಪ್‌ನ ಬೈಗುಳ ಬೆರೆಸಿ ಹಾಡುತ್ತಿದ್ದ. ಬೈಗುಳ ಸೊಗಸಾಗಿ ಬರುತ್ತಿತ್ತು. ಅಳು ಮಾತ್ರ ನೆಗಡಿಯಂತೆ ಕೇಳುತ್ತಿತ್ತು. ಮುಂದಿನ ತಿಂಗಳು ಮದುವೆ ಇಟ್ಟುಕೊಂಡವನಿಗೆ ದುಃಖ ಎಲ್ಲಿಂದ ಬರಬೇಕು?

ಮದುಮಗಳ ಅಣ್ಣ ವಿಶುವಿಗೆ ಕನಿಕರ ಬಂತು. ಮಿಮಿಕ್ರಿಯಲ್ಲಿ ಅವನದು ಎತ್ತಿದ ಕೈ. ಉಲ್ಲಾಸ ಹಾಡು ರೆಕಾರ್ಡ್ ಮಾಡುತ್ತಿದ್ದ ಸ್ಟುಡಿಯೋದ ಹೊರಗೆ ನಿಂತು, ಯಾರದೋ ಮೊಬೈಲಿನಿಂದ, ಸ್ವಂತ ಅಪ್ಪನ ಗಂಟಲಿನಲ್ಲಿ ಅವನಿಗೆ ಫೋನ್ ಮಾಡಿದ:

“ಹಿಂಗೆ ಕಿರಿಚ್ಕೊಳ್ಳೋನಿಗೆ ನಮ್ಮ ಹುಡುಗೀನ ಕೊಡಲ್ಲ ಕಣಯ್ಯ. ಮದುವೆ ಕ್ಯಾನ್ಸಲ್!”

ಉಲ್ಲಾಸ ಮೈಕಿನ ಮುಂದೆ ಅತ್ತ ಅಳುವಿಗೆ ಸ್ಟುಡಿಯೋದವರೆಲ್ಲ ಮೂಗೊರೆಸಿಕೊಂಡರು. ಆಮೇಲೆ ಮಾವನ ಹೆಸರು ಹಿಡಿದು, ಬೋಳುತಲೆಯಿಂದ ಜಿಪುಣತನದವರೆಗೆ, ಪ್ರಾಸ ತಪ್ಪದಂತೆ ಉಗಿದ. ಹಾಡು ಒಂದೇ ಟೇಕಿಗೆ ಮುಗಿಯಿತು.

ಅವನು ಕಾಫಿ ಕುಡಿದು ಸುಧಾರಿಸಿಕೊಂಡ ಮೇಲೆ ವಿಶು ಬಂದು ಅದೇ ಗಂಟಲಿನಲ್ಲಿ, “ಏನ್ ಅಳಿಯಂದ್ರೇ, ಹೆಂಗಿತ್ತು ನನ್ನ ಫೋನು?” ಎಂದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಉಲ್ಲಾಸನೇ.

“ನೀನೇನೋ ಭಾವ? ನಾನು ಹಾಡನ್ನ ಆಗ್ಲೇ ನಿಮ್ಮಪ್ಪಂಗೆ ಕಳಿಸ್ಬಿಟ್ಟೆ. ಮದುವೆ ಬೇಡ ಅಂತ ನಿಜವಾಗ್ಲೂ ಉತ್ತರ ಬಂತು, ನೋಡು. ಮೈಕ್ ಹಾಕ್ರೋ, ಈಗ ಅಸಲಿ ದುಃಖದಲ್ಲಿ ಇನ್ನೊಂದು ಟೇಕ್ ತಗೊಳ್ಳೋಣ!”