ಎಚ್ಚರ ಕೊಟ್ಟವಳು

"ಹಗಲು ನನ್ನ ಎಚ್ಚರದಲ್ಲಿ ಲೆಕ್ಕ, ರಾತ್ರಿ ನಿನ್ನ ಎಚ್ಚರದಲ್ಲಿ ಇಂಗ್ಲಿಷು. ಎಂಬಿಎ ಎಂಟ್ರೆನ್ಸ್ ಮುಗಿಯೋವರೆಗೂ ನೀನು ಮಲಗಿರ್ತೀಯಮ್ಮ, ಅಷ್ಟೇ," ಎಂದಳು ಸಂಹಿತಾ.

ಎಲ್ಲ ಮನೆಗಳಲ್ಲೂ ಹಾಗೆಯೇ. ಓದುವವರು ನಿದ್ದೆಯಿಲ್ಲದೆ ಹಗಲೂ ರಾತ್ರಿ ಓದಲೆಂದು ಮನೆಯವರೊಬ್ಬರು ತಮ್ಮ ಎಚ್ಚರ ಕೊಟ್ಟು, ಪರೀಕ್ಷೆ ಮುಗಿಯುವವರೆಗೆ ಮಲಗಿಬಿಡುತ್ತಾರೆ. ಮದುವೆಯಾದ ಹೊಸದರಲ್ಲಿ ಸಂಹಿತಾಳ ತಾಯಿ ಮಂದಾಕಿನಿ ತನ್ನ ಗಂಡನ ಬ್ಯಾಂಕ್ ಪರೀಕ್ಷೆಗೆ ಮಲಗಿದ್ದಳು. ಮಲಗಿದವರಿಗೆ ಏನೂ ತಿಳಿಯುವುದಿಲ್ಲ ಎಂದು ಎಲ್ಲರೂ ನಂಬುತ್ತಾರೆ. ಅವಳಿಗೆ ಮಾತ್ರ ಎಲ್ಲವೂ ಕೇಳಿಸುತ್ತಿತ್ತು. ಬೆರಳೂ ಅಲ್ಲಾಡಿಸಲಾಗದ ಆ ಕತ್ತಲಲ್ಲಿ, ಯಾರಾದರೂ ತನ್ನನ್ನು ಮಾತಾಡಿಸಲಿ ಎಂದು ಕಾದಿದ್ದಳು. ಯಾರೂ ಮಾತಾಡಿಸಲಿಲ್ಲ. ಎದ್ದ ಮೇಲೆ ಅವಳೂ ಯಾರಿಗೂ ಹೇಳಲಿಲ್ಲ. ಈಗ ಹೇಳಿದರೆ ಮಗಳು ಪರೀಕ್ಷೆಯನ್ನೇ ಬಿಟ್ಟಾಳು.

"ಅಮ್ಮನ ಮುಖ ನೋಡೇ ಅಕ್ಕ, ಹೆದರ್ಕೊಂಡಿದಾಳೆ!" ಎಂದು ಏಳನೇ ಕ್ಲಾಸಿನ ಇಂಚರ ನಕ್ಕಳು. "ನಾನು ಮಲಗ್ತೀನಿ ಬಿಡು. ಸ್ಕೂಲೂ ಇಲ್ಲ, ಹೋಂವರ್ಕೂ ಇಲ್ಲ."

"ನೀನು ಸುಮ್ನಿರು. ನಾನೇ ಮಲಗ್ತೀನಿ," ಎಂದು ಮಂದಾಕಿನಿ ಹಾಸಿಗೆಯ ಮೇಲೆ ಉರುಳಿದಳು.

ಸಂಹಿತಾ ತಾಯಿಯ ಮಣಿಕಟ್ಟಿಗೆ ಎಚ್ಚರ ಎಳೆದುಕೊಳ್ಳುವ ಪಟ್ಟಿ ಕಟ್ಟತೊಡಗಿದಾಗ ಮಂದಾಕಿನಿ ಮಗಳ ಕೈ ಹಿಡಿದುಕೊಂಡಳು.

"ಇಲ್ಲೇ ನನ್ನ ಪಕ್ಕ ಕೂತು ಓದೇ. ಜೋರಾಗಿ ಓದು."

"ಜೋರಾಗಿ ಓದಿದ್ರೆ ಸ್ಪೀಡ್ ಬರಲ್ಲಮ್ಮ. ಮನಸ್ಸಲ್ಲೇ ಓದ್ಬೇಕು ಅಂತ ಕೋಚಿಂಗಲ್ಲಿ ಹೇಳಿದಾರೆ. ಅಲ್ಲ, ನಿಂಗೇನು ಕೇಳ್ಸುತ್ತಾ?"

ಪಟ್ಟಿ ಬಿಗಿಯಾಯಿತು, ಕತ್ತಲಾಯಿತು.

"ಬಾಗಿಲು ಹಾಕ್ಬಿಡೇ ಇಂಚರ, ನಾನು ಹಾಲ್‌ನಲ್ಲಿ ಓದ್ಕೋತೀನಿ," ಎಂದ ಮಗಳ ದನಿ, ಆಮೇಲೆ ಚಿಲಕದ ಸದ್ದು, ಎರಡೂ ಮಂದಾಕಿನಿಗೆ ಸ್ಪಷ್ಟವಾಗಿ ಕೇಳಿಸಿದವು.