ತುದಿಯಲ್ಲೊಂದು ಚಪ್ಪಾಳೆ

“ಬಂದ್ವಿ ಮೇಷ್ಟ್ರೇ! ಇದೇ ತುದಿ!” ಅಂದುಬಿಟ್ಟ ಗೈಡ್.

ಹಸಿ ಸುಳ್ಳು. ನಿಜವಾದ ತುದಿಗೆ ಇನ್ನೂ ಮುಕ್ಕಾಲು ಗಂಟೆಯ ಏರು ಬಾಕಿ ಇತ್ತು. ಅದೂ ಬೋಳು ಬಂಡೆಯ ಮೇಲೆ ಕೈ ಕಾಲು ಎರಡೂ ಊರಿ ಹತ್ತುವಂಥದ್ದು. ಗಾಳಿಯ ಸುಳಿವಿಲ್ಲ. ಮಂಜು ಹೇಗೆ ಕವಿದಿತ್ತೆಂದರೆ ಗೈಡಿಗೆ ನಾಲ್ಕು ಹೆಜ್ಜೆ ಆಚೆಗೆ ಏನೂ ಕಾಣುತ್ತಿರಲಿಲ್ಲ. ಮೇಷ್ಟ್ರಿಗಂತೂ ಹುಟ್ಟಿದಾಗಿನಿಂದ ಏನೂ ಕಂಡಿಲ್ಲ. ಬೆಳಿಗ್ಗೆ ಐದಕ್ಕೆ ಹೊರಟ ಮನುಷ್ಯ, ಗೈಡಿನ ಬೆನ್ನುಚೀಲದ ಪಟ್ಟಿ ಹಿಡಿದುಕೊಂಡು, ಎಡವಿ, ಬಿದ್ದು, ಎದ್ದು ಇಲ್ಲಿವರೆಗೆ ಬಂದದ್ದೇ ದೊಡ್ಡದು. ಪ್ಯಾಂಟು ಹರಿದು ಮೊಣಕಾಲಲ್ಲಿ ರಕ್ತ ಒಸರುತ್ತಿತ್ತು. ಪಾಪ, ಇವರನ್ನ ಇನ್ನೆಷ್ಟು ಗೋಳು ಹೊಯ್ಕೊಳ್ಳೋದು ಅಂತ ಗೈಡಿಗೆ ಅನ್ನಿಸಿದ್ದು ನಿಜ. ಅವನ ಸ್ವಂತ ಮಂಡಿ ಬೆಳಗಿನಿಂದ ಚುಳ್ ಚುಳ್ ಅನ್ನುತ್ತಿದ್ದದ್ದೂ ಅಷ್ಟೇ ನಿಜ.

ಮೇಷ್ಟ್ರು ಅಂಧ ಮಕ್ಕಳ ಹಾಸ್ಟೆಲಿನಲ್ಲಿ ಕುರ್ಚಿ ಹೆಣೆಯೋದು ಕಲಿಸುವವರು. ಹಾಸ್ಟೆಲಿನ ಸೂರು ಬಿರುಗಾಳಿಗೆ ಹಾರಿಹೋಗಿ, ನಲವತ್ತು ಮಕ್ಕಳು ಟಾರ್ಪಾಲಿನ ಕೆಳಗೆ ಮಲಗುತ್ತಿದ್ದರು. ಸೂರಿಗೆ ಚಂದಾ ಕೇಳಿ ಮನೆಮನೆ ಬಾಗಿಲು ತಟ್ಟಿ ಸಾಕಾಗಿ ಮೇಷ್ಟ್ರು ಒಂದು ದಿನ, “ನಾನು ಆ ಬೆಟ್ಟದ ತುದಿ ಹತ್ತಿದರೆ ಕೊಡ್ತೀರಾ?” ಅಂತ ಕೇಳಿಯೇಬಿಟ್ಟರು. ಊರವರು ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಹೂಂ ಅಂದರು. ಷರತ್ತು ಒಂದೇ. ತುದಿ ಅಂದರೆ ತುದಿ. ಅರ್ಧಕ್ಕೆ ಇಳಿದರೆ ಸೂರಿಲ್ಲ. ಸಾಕ್ಷಿಗೆ ಒಂದು ಫೋಟೊ.

“ನಿಂತ್ಕೊಳ್ಳಿ, ತೆಗೆದುಬಿಡ್ತೀನಿ,” ಗೈಡ್ ಮೊಬೈಲ್ ಹೊರಗೆಳೆದ. ಮಂಜಿನಲ್ಲಿ ಯಾವ ತುದಿಯಾದರೇನು? ಮಕ್ಕಳಿಗೆ ಸೂರಾಗುತ್ತೆ, ಯಾರಪ್ಪನ ಗಂಟು ಹೋಗುತ್ತೆ ಅಂದುಕೊಂಡ.

“ತಡಿ ಗೈಡಪ್ಪ.” ಮೇಷ್ಟ್ರು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಂದು ಚಪ್ಪಾಳೆ ತಟ್ಟಿದರು. ತಲೆ ವಾರೆ ಮಾಡಿ ಕೇಳಿಸಿಕೊಂಡರು. ಸ್ವಲ್ಪ ತಿರುಗಿ ಇನ್ನೊಂದು ತಟ್ಟಿದರು.

“ಇದೇನು ಮೇಷ್ಟ್ರೇ, ನಿಮಗೆ ನೀವೇ ಚಪ್ಪಾಳೆ ಹೊಡ್ಕೊಳ್ತಾ ಇದ್ದೀರಾ?”

“ನಮ್ಮ ಪಾಲಿಗೆ ಇದೇ ಟಾರ್ಚು ಕಣಪ್ಪ. ಹೊಸ ಕೋಣೆಗೆ ಹೋದ್ರೆ ಮೊದಲು ಒಂದು ತಟ್ಟೋದು. ಗೋಡೆ ಎಷ್ಟು ದೂರ, ಬಾಗಿಲು ತೆರೆದಿದೆಯಾ, ಎದುರಿಗೆ ಬೀರು ಇದೆಯಾ, ಎಲ್ಲಾ ಅದೇ ವಾಪಸು ಬಂದು ಹೇಳುತ್ತೆ. ಮಕ್ಕಳಿಗೆ ಕುರ್ಚಿಗಿಂತ ಮುಂಚೆ ಇದನ್ನೇ ಕಲಿಸೋದು ನಾನು.” ಎಡಗಡೆಗೆ ಕೈ ತೋರಿಸಿದರು. “ಅಲ್ಲೇನೋ ದೊಡ್ಡದು ನಿಂತಿದೆ. ನನ್ನ ಚಪ್ಪಾಳೆ ನನಗೇ ವಾಪಸು ಕೊಡ್ತಾ ಇದೆ. ಬೆಟ್ಟ ಇನ್ನೂ ಮುಗಿದಿಲ್ಲ.”

ಗೈಡಿನ ಮುಖ ಇಂಗು ತಿಂದ ಮಂಗನಂತಾಯಿತು. ನೋಡುವವರು ಯಾರೂ ಇರಲಿಲ್ಲ ಅನ್ನೋದೊಂದೇ ಪುಣ್ಯ.

“ಈ ಮಂಜಲ್ಲಿ ನಿಂಗೂ ಕಂಡಿರಲಿಕ್ಕಿಲ್ಲ ಬಿಡು,” ಅಂದರು ಮೇಷ್ಟ್ರು, ಮೆತ್ತಗೆ. “ಇವತ್ತು ನಾವಿಬ್ಬರೂ ಒಂದೇ. ನಡಿ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಗೈಡ್ ಚೀಲದ ಪಟ್ಟಿಯನ್ನು ತಾನೇ ಅವರ ಕೈಗೆ ಹಿಡಿಸಿದ. ಬಂಡೆಯ ಏರಿನಲ್ಲಿ ಅವರ ಕಾಲನ್ನು ಒಂದೊಂದಾಗಿ ಎತ್ತಿ ಸಂದಿಗಳಲ್ಲಿ ಇಟ್ಟ. ಕುರ್ಚಿ ಹೆಣೆದು ಹೆಣೆದು ಮರದಂತಾದ ಆ ಬೆರಳುಗಳು ಒಮ್ಮೆ ಹಿಡಿದರೆ ಬಿಡುತ್ತಿರಲಿಲ್ಲ. ಒಂದು ಕಡೆ ಮೇಷ್ಟ್ರ ಕಾಲು ಜಾರಿ ಗೈಡಿನ ಜೀವ ಬಾಯಿಗೆ ಬಂತು. ಮೇಷ್ಟ್ರು ಬಂಡೆಗೆ ಜೋತುಬಿದ್ದುಕೊಂಡೇ, “ಎಲ್ಲರಿಗೂ ಕೆಳಗೆ ನೋಡಬೇಡಿ ಅಂತೀಯಂತೆ, ನನಗೆ ಮಾತ್ರ ಯಾಕೆ ಹೇಳ್ತಿಲ್ಲ?” ಅಂತ ನಕ್ಕರು.

ಕೊನೆಗೂ ಕಾಲ ಕೆಳಗೆ ಸಮತಟ್ಟು ನೆಲ ಸಿಕ್ಕಿತು. ಈ ಸಲ ಗೈಡ್ ಬಾಯಿ ಬಿಡಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಸುಮ್ಮನೆ ನಿಂತ.

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಕಾದರು. ಬಲಕ್ಕೆ ತಿರುಗಿ ತಟ್ಟಿದರು. ಹಿಂದಕ್ಕೆ, ಎಡಕ್ಕೆ, ಕೊನೆಗೆ ಕೈಯೆತ್ತಿ ಆಕಾಶಕ್ಕೂ ಒಂದು. ಅವರ ಮುಖದ ಬಣ್ಣವೇ ಇಳಿದುಹೋಯಿತು.

“ಏನಾಯ್ತು ಮೇಷ್ಟ್ರೇ?” ಗೈಡ್ ಗಾಬರಿಯಾದ.

“ಏನೂ ವಾಪಸು ಬರ್ತಿಲ್ಲ ಕಣಪ್ಪ. ಐವತ್ತೆರಡು ವರ್ಷ ಆಯ್ತು ನನಗೆ. ಯಾವಾಗಲೂ ಏನಾದರೊಂದು ವಾಪಸು ಬರ್ತಿತ್ತು. ಗೋಡೆಯೋ, ಕಂಬವೋ, ಯಾರದೋ ಮೈಯೋ. ಇದು ಹೋಗ್ತಾನೇ ಇದೆ... ಇಷ್ಟು ದೊಡ್ಡದಾ? ಅಯ್ಯೋ, ಇದೆಲ್ಲಾ ಇಷ್ಟು ದೊಡ್ಡದಾ?” ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳುವುದೂ ಅವರಿಗೆ ಮರೆತುಹೋಗಿತ್ತು.

ಗೈಡ್ ಫೋಟೊ ತೆಗೆದ. ಮೇಷ್ಟ್ರು, ಸುತ್ತಲೂ ಬಿಳಿ ಮಂಜು. ಕೆಳಗೆ ತೆಗೆಯಬೇಕೆಂದಿದ್ದ ಫೋಟೊಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ನೂರ ಹನ್ನೊಂದು ಸಲ ಈ ತುದಿಗೆ ಜನರನ್ನು ಹತ್ತಿಸಿ, ಅಗೋ ಹೊಳೆ, ಇಗೋ ಊರು ಅಂತ ಬೆರಳು ತೋರಿಸಿದ್ದವನು ಅವನು. ಮೊಬೈಲನ್ನು ಜೇಬಿಗೆ ಹಾಕಿದ. ಕಣ್ಣು ಮುಚ್ಚಿಕೊಂಡ. ಎರಡೂ ಕೈ ಎತ್ತಿ ಒಂದು ಚಪ್ಪಾಳೆ ತಟ್ಟಿ, ಉಸಿರು ಬಿಗಿಹಿಡಿದು ಕಾದ.

ಆಮೇಲೆ, ಕಣ್ಣು ತೆರೆಯದೆಯೇ, ಮೇಷ್ಟ್ರ ಕೈ ಎಲ್ಲಿದೆ ಅಂತ ತಡಕಾಡಿದ.