ಕಾದ ಚಕ್ರ

ತನ್ನನ್ನು ಕೇಳದೆ ಮಗಳು ಆಗುತ್ತಿದ್ದ ಮದುವೆಯನ್ನು ತಡೆಯಲು ಆತ ಹಳೆಯ ಕಾರಿನಲ್ಲಿ ಹೊರಟಿದ್ದ. ಮುಹೂರ್ತಕ್ಕೆ ಮೊದಲೇ ಗುಡಿಯನ್ನು ತಲುಪಬೇಕಿತ್ತು. ಪಕ್ಕದಲ್ಲಿ ಹೆಂಡತಿ ಕುಳಿತಿದ್ದಳು. ಅವಳ ಕೈಚೀಲ ಇಬ್ಬರ ನಡುವೆ ಇತ್ತು. ಅರ್ಧ ದಾರಿಯಲ್ಲಿ ಸುಟ್ಟ ವಾಸನೆ ಬಂತು.

“ನಿಲ್ಸಿ ನೋಡ್ರೀ. ಬೆಂಕಿ ಗಿಂಕಿ ಹತ್ಕೊಂಡೀತು.”

“ನಿಲ್ಸಿದ್ರೆ ಅವನು ತಾಳಿ ಕಟ್ಟಿಬಿಡ್ತಾನೆ.”

“ಗಾಡಿನೇ ಸುಟ್ಟುಹೋದ್ರೆ ನಡ್ಕೊಂಡು ಹೋಗಿ ತಡೀತೀರಾ?”

ಮಾತು ಸರಿಯಾಗಿತ್ತು. ಆತ ಕಾರನ್ನು ಗೇರಿನಲ್ಲೇ ನಿಲ್ಲಿಸಿ ಬಾನೆಟ್ ಎತ್ತಿದ. ವೈರುಗಳು ಸರಿಯಾಗಿದ್ದವು. ಆಯಿಲ್ ಸೋರಿರಲಿಲ್ಲ.

“ರೇಡಿಯೇಟರಲ್ಲಿ ನೀರಿದೆಯಾ, ನಿಧಾನವಾಗಿ ನೋಡಿ,” ಎಂದು ಅವಳು ಒಳಗಿನಿಂದಲೇ ಹೇಳಿದಳು.

“ತುಂಬಿದೆ. ನಿನ್ನ ತಮ್ಮಂದಿರೂ ಅವಳ ಕಡೆ ಸೇರ್ಕೊಂಡ್ರು. ನೀನೊಬ್ಬಳಾದ್ರೂ ನನ್ನ ಕಡೆ ಇದ್ದೀಯಲ್ಲ, ಅಷ್ಟು ಸಾಕು.”

ಅವಳು ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡಳು.

ಮುಂಭಾಗದಲ್ಲಿ ವಾಸನೆಯಿರಲಿಲ್ಲ, ಆದ್ದರಿಂದ ಆತ ಹಿಂದಕ್ಕೆ ಹೋದ. ಹಿಂದಿನ ಎರಡು ಚಕ್ರಗಳೂ ಮುಟ್ಟಲಾಗದಷ್ಟು ಕಾದಿದ್ದವು. ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಓಡಿಸಿದರೆ ಹಾಗಾಗುತ್ತದೆ. ಆದರೆ ಹೊರಡುವಾಗ ಅದನ್ನು ಆತನೇ ಪೂರ್ತಿ ಇಳಿಸಿದ್ದ, ಈಗ ನಿಲ್ಲಿಸುವಾಗಲೂ ಎಳೆದಿರಲಿಲ್ಲ.

ಬಾಗಿಲು ತೆರೆದು ಅವಳ ಕೈಚೀಲವನ್ನು ಎತ್ತಿದ. ಕೆಳಗೆ ಬ್ರೇಕಿನ ಹಿಡಿ ಅರ್ಧ ಮೇಲಕ್ಕೆದ್ದಿತ್ತು.

“ಇದನ್ನ ಎಳೆದವರು ಯಾರೇ?”

ಅವಳು ಕೆಳಗಿಳಿದು ಕೈಗಡಿಯಾರ ನೋಡಿಕೊಂಡಳು. ಮುಹೂರ್ತದ ಹೊತ್ತಾಗಿತ್ತು. ಸೆರಗಿನ ಗಂಟು ಬಿಚ್ಚಿ, ಮನೆಯಿಂದಲೇ ಕಟ್ಟಿ ತಂದಿದ್ದ ಅಕ್ಷತೆಯನ್ನು ಗುಡಿಯ ದಿಕ್ಕಿಗೆ ಎರಚಿದಳು.